ಕೋಲು ಕೈಗೆ ಬರುವ ಮುನ್ನ

ವರ್ಷಕ್ಕೆ ಐದೇ ದಿನ ಅವನು ರಾಜ.
ಬೇಸಗೆಯೆಲ್ಲ ಮೇದು ಕೊಬ್ಬಿದ ಕುರಿಗಳನ್ನು
ಸೆಪ್ಟೆಂಬರಿನಲ್ಲಿ ಬೆಟ್ಟದಿಂದ ಇಳಿಸುವ ಐದು ದಿನ.
ಐಸ್‌ಲ್ಯಾಂಡಿನ ಈ ಮೂಲೆಯಲ್ಲಿ ಊರೇ ಆರಿಸಿ
ಊರೇ ಕರೆಯುತ್ತದೆ: ಬೆಟ್ಟದ ರಾಜ.
ಕಿರೀಟವಿಲ್ಲ. ಕಿವಿ ಮುಚ್ಚುವ ಉಣ್ಣೆ ಟೊಪ್ಪಿ,
ಹಿಡಿ ಸವೆದ ಬರ್ಚ್ ಕೋಲು,
ಕೊರಳಲ್ಲೊಂದು ದುರ್ಬೀನು.
ಉಳಿದ ದಿನವೆಲ್ಲ ಸಿಗ್ವಲ್ಡಿ
ನಮ್ಮಂತೆಯೇ ಹಿಕ್ಕೆ ಗುಡಿಸುವವನು,
ಬ್ಯಾಂಕಿನಲ್ಲಿ ಟೊಪ್ಪಿ ತೆಗೆದು ನಿಲ್ಲುವವನು.

ಆ ಐದು ದಿನ ಮಾತ್ರ
ಪಶುವೈದ್ಯೆ, ಪಾದ್ರಿ, ಬ್ಯಾಂಕಿನವನೂ
ಅವನ ಕೋಲಿನ ತುದಿ ನೋಡಿ
ಕುದುರೆ ತಿರುಗಿಸಬೇಕು.
ಇಪ್ಪತ್ತೆರಡು ವರ್ಷ ತಿರುಗಿಸಿದ್ದೇವೆ.
ತಪ್ಪಿದ್ದು ನೆನಪಿಲ್ಲ.

ಹೋದ ವರ್ಷ ನಾಲ್ಕನೆಯ ಸಂಜೆ
ಮಂಜು ಇಳಿಯಿತು, ಹಸಿ ಕಂಬಳಿಯಂತೆ.
ತಗಡಿನ ಗುಡಿಸಲಲ್ಲಿ ಸೂಪು ಕುದಿಯುತ್ತಿತ್ತು.
ಸಿಗ್ವಲ್ಡಿ ಕೂರಲಿಲ್ಲ.
‘ಹೊಳೆಯಾಚೆ ಒಂದು ತಾಯಿಕುರಿ ಉಳಿದಿದೆ.
ಊರ ಹಿಂಡು. ಒಂದೂ ಉಳಿಯಬಾರದು.’
ಕೋಲು ಹದಿನಾರರ ಏವಿಂಡುರನ ಕಡೆ ತಿರುಗಿತು.
ನನ್ನ ಅಕ್ಕನ ಮಗ. ಎದ್ದ.
ಎದ್ದವನ ಮುಖದಲ್ಲಿ
ಹೆಸರು ಹಿಡಿದು ಕರೆಸಿಕೊಂಡವನ ಬೆಳಕಿತ್ತು.
ನಾನೂ ತಡೆಯಲಿಲ್ಲ.

ಬೆಳಗಿನ ಜಾವ ಮೂರಕ್ಕೆ ಬಂದ.
ಜೀನಿನ ಮೇಲೆ ಕುರಿ, ರಿಕಾಪಿನಲ್ಲಿ ಮಂಜುಗಡ್ಡೆ.
ಎಡಗೈಯ ಎರಡು ಬೆರಳು ಮಾತ್ರ
ಹೊಳೆಯಾಚೆಯಿಂದ ಇನ್ನೂ ಬಂದಿಲ್ಲ.

ಊರ ದೊಡ್ಡಿ ದುಂಡಗೆ, ಗಾಡಿಯ ಚಕ್ರದಂತೆ;
ಒಂದೊಂದು ಮನೆಗೆ ಒಂದೊಂದು ಖಾನೆ.
ಅಲ್ಲಿ ಕುರಿಯ ಕಿವಿ ಮಡಚಿ ಗುರುತು ಓದಿದೆ:
ಬಲಗಿವಿ ತುದಿಮೊಂಡು, ಎಡಗಿವಿ ಅರ್ಧ ಕಚ್ಚು.
ಸಿಗ್ವಲ್ಡಿಯದು.
ನಾನು ಓದಿದ್ದು ಅವನು ನೋಡಿದ.
ಪತ್ರಿಕೆ ಓದಿದಷ್ಟು ಸಲೀಸಾಗಿ ಕಿವಿ ಓದುವ ಊರು
ಅವತ್ತು ಸುಮ್ಮನೆ ಖಾನೆಯ ಬಾಗಿಲು ತೆಗೆಯಿತು.

ಕುರಿಗಳಲ್ಲೂ ಮುಂದಾಳು ತಳಿಯೊಂದುಂಟು ನಮ್ಮಲ್ಲಿ.
ಬಡಕಲು ಮೈ, ಉದ್ದ ಕಾಲು; ಮಾಂಸಕ್ಕೆ ಬಾರದು.
ನಮ್ಮನೆಯ ಫ್ಲೆಕ್ಕಾ
ಹಿಮ ಬೀಳುವ ಹಿಂದಿನ ದಿನವೇ ಬಾಗಿಲಿಗೆ ಬೆನ್ನು ಹಾಕುತ್ತಾಳೆ.
ಬಿರುಗಾಳಿಯಲ್ಲಿ ನೂರು ಕುರಿ
ಅವಳ ಬಾಲದ ಹಿಂದೆ ಊರು ಸೇರಿದ್ದುಂಟು.
ಹೊಗಳುತ್ತೇವೆ, ಬ್ರೆಡ್ಡು ತಿನ್ನಿಸುತ್ತೇವೆ.
ಅವಳಿಗೆ ಬೇಕಾದದ್ದೋ
ಕೊಟ್ಟಿಗೆಯ ಪಡುವಣ ಮೂಲೆ, ಅಷ್ಟೇ.
ಅವಳ ಬೇಕೂ ಹಿಂಡಿನ ಬೇಕೂ
ಒಂದೇ ದಾರಿ ಹಿಡಿದಷ್ಟು ದಿನ ಅವಳು ಜಾಣೆ.
ಬೇರೆಯಾದ ದಿನ
ಗೊತ್ತಾಗುವುದು ಹೇಗೆ? ಬಾಲ ಅದೇ ತಾನೆ.

ಈ ವಸಂತದ ಸಭೆಯಲ್ಲಿ ಸಿಗ್ವಲ್ಡಿ
ಕೋಲನ್ನು ಮೇಜಿನ ಮೇಲಿಟ್ಟ.
‘ಮಂಡಿ’ ಎಂದು ಮಂಡಿ ಮುಟ್ಟಿದ.
ಮಂಡಿಯನ್ನು ಯಾರೂ ನೋಡಲಿಲ್ಲ.
ನನ್ನ ಹೆಸರು ಹೇಳಿದ್ದು ಪಾದ್ರಿ, ‘ರಗ್ನ್‌ಹೇಯ್ದುರ್?’
ಅಷ್ಟರಲ್ಲೇ ಮೇಜಿನ ಕೆಳಗೆ
ನನ್ನ ಬಲಗೈ ಮುಷ್ಟಿಯಾಗಿತ್ತು,
ಇಲ್ಲದ ಕೋಲೊಂದನ್ನು ಹಿಡಿದು.

ಬೇಡವೆಂದರೆ ಸುಳ್ಳು.
ಹೊಳೆಯ ದಡದಲ್ಲಿ ಇಪ್ಪತ್ತು ಕುದುರೆ
ಒಬ್ಬಳ ಉಸಿರಿಗೆ ಕಾದು ನಿಲ್ಲುವ ಆ ಗಳಿಗೆ
ಎಷ್ಟು ವರ್ಷದಿಂದ ನನ್ನ ನಿದ್ದೆಯಲ್ಲಿ ಮೇಯುತ್ತಿದೆ.
ಏನೂ ಬೇಡದವರು
ಆಲಿಕಲ್ಲಿನ ನಾಲ್ಕು ಗಂಟೆಗೆ ಯಾಕೆ ಏಳುತ್ತಾರೆ?
ಸಿಗ್ವಲ್ಡಿಗೂ ಮೊದಲು ಹೀಗೇ ಇತ್ತೇನೋ.
ಕೇಳಬೇಕಿತ್ತು. ಅವನು ಕಿಟಕಿ ನೋಡುತ್ತಿದ್ದ.

ಎದುರಿಗೆ ಏವಿಂಡುರ್, ಬಿಸಿ ಕಾಫಿಯ ಬಟ್ಟಲನ್ನು
ಎಡಗೈಯ ಆ ಎರಡು ಬೆರಳಲ್ಲೇ ಹಿಡಿದಿದ್ದ.
ಸುಡುವುದು ಅವಕ್ಕೆ ತಿಳಿಯದು.
‘ಚಿಕ್ಕಮ್ಮ, ನಿನ್ನ ಕುರಿಯ ಗುರುತು ಯಾವುದು?’
ಐದರ ಹರೆಯದಿಂದ ಅವನಿಗೆ ಗೊತ್ತು.
ಆದರೂ ಕೇಳಿದ.

ಎದ್ದು ನಿಂತೆ. ಎಲ್ಲರಿಗೂ ಕೇಳುವಂತೆ ಹೇಳಿದೆ:
ಬಲಗಿವಿ ನಡುಸೀಳು. ಎಡಗಿವಿ ಹಿಂದಿನಿಂದ ಒಂದು ಕಚ್ಚು.
ನೆನಪಿಟ್ಟುಕೊಳ್ಳಿ.

ಆಮೇಲೆ ಕೈ ಚಾಚಿದೆ.